ಕಾರ್ಡಿದೆ, ಕಾಯ್ದೆಯಿಲ್ಲ: ಮಾಜಿ ಸೈನಿಕರ ಚಿಕಿತ್ಸೆಯ ಹಕ್ಕು ನಿಂತಿರುವುದು ಯಾವುದರ ಮೇಲೆ?

(ಬೆಂಗಳೂರಿನಲ್ಲಿ ಮಾಜಿ ಸೈನಿಕರು ಮತ್ತು ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸೈನ್ಯದ ಮಾತಿಗೆ ಹೋಗುವ ಮುಂಚೆ ಪೀಣ್ಯಕ್ಕೆ ಹೋಗಿ ಬರೋಣ. ಅಲ್ಲಿ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳ ಬಳಿ ಒಂದು ಇಎಸ್‌ಐ ಕಾರ್ಡ್ ಇರುತ್ತದೆ. ಅವಳ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿಯುತ್ತಾರೆ, ಮಾಲೀಕರು ಮೂರೂಕಾಲು ರೂಪಾಯಿ ಸೇರಿಸುತ್ತಾರೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಅವಳಿಗೆ ಚಿಕಿತ್ಸೆ ಸಿಗುವುದು ಕಾಯ್ದೆಯ ಬಲದಿಂದ; 2025ರ ನವೆಂಬರ್‌ವರೆಗೆ ಅದು 1948ರ ಇಎಸ್‌ಐ ಕಾಯ್ದೆ, ಈಗ ಅದರ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ. ಕೊಡುವುದಿಲ್ಲ ಎಂದರೆ ಕೇಳುವುದಕ್ಕೆ ಅದೇ ಕಾಯ್ದೆಯಡಿ ಪ್ರತ್ಯೇಕ ನ್ಯಾಯಾಲಯವೂ ಇದೆ. ಇಎಸ್‌ಐ ಕ್ಯೂನಲ್ಲಿ ಬೆಳಗಿನಿಂದ ನಿಂತವರು ಈ ಮಾತಿಗೆ ನಕ್ಕಾರು. ಕ್ಯೂ ಉದ್ದವಿರುವುದು ನಿಜ, ಆದರೆ ಆ ಕ್ಯೂನಲ್ಲಿ ನಿಲ್ಲುವ ಹಕ್ಕನ್ನು ಕಿತ್ತುಕೊಳ್ಳಬೇಕಾದರೆ ಸಂಸತ್ತೇ ಕೂರಬೇಕು.

ಈಗ ನಿಮ್ಮ ಜೇಬಿನಲ್ಲಿರುವ ಇಸಿಎಚ್‌ಎಸ್ ಕಾರ್ಡ್, ಎಂದರೆ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆಯ ಕಾರ್ಡ್ ತೆಗೆಯಿರಿ. ಇದರ ಹಿಂದಿರುವುದು ಕಾಯ್ದೆಯಲ್ಲ, ರಕ್ಷಣಾ ಸಚಿವಾಲಯ 2002ರ ಡಿಸೆಂಬರ್ 30ರಂದು ಹೊರಡಿಸಿದ ಒಂದು ಮಂಜೂರಾತಿ ಪತ್ರ. ಅದರ ಆಧಾರದ ಮೇಲೆ 2003ರ ಏಪ್ರಿಲ್ 1ರಿಂದ ಯೋಜನೆ ಶುರುವಾಯಿತು. ಅಲ್ಲಿಂದೀಚೆಗೆ ಯಾರು ಸದಸ್ಯರು, ಎಷ್ಟು ಕಟ್ಟಬೇಕು, ಯಾವ ವಾರ್ಡ್, ಯಾವ ಔಷಧಿ ಎಲ್ಲವೂ ಪತ್ರದ ಮೇಲೆ ಪತ್ರವಾಗಿ ಬಂದದ್ದು. ಪತ್ರದಿಂದ ಬಂದದ್ದನ್ನು ಇನ್ನೊಂದು ಪತ್ರ ಬದಲಿಸಬಹುದು. ನಮ್ಮ ಇವತ್ತಿನ ಮಾತು ಇದರ ಸುತ್ತಲೇ.

ಸೇವೆಯಲ್ಲಿರುವವರ ವಿಷಯವನ್ನು ಬೇಗ ಮುಗಿಸುತ್ತೇವೆ. ಅವರಿಗೆ ಮತ್ತು ಮನೆಯವರಿಗೆ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆ ಇದೆ. ನಮ್ಮೂರಲ್ಲಿ ಹಳೆ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಆಸ್ಪತ್ರೆ ಅದರ ದೊಡ್ಡ ಮುಖ. ಅದೂ ನಡೆಯುವುದು ನಿಯಮಾವಳಿಯ ಮೇಲೆಯೇ. ಆದರೆ ಸಮವಸ್ತ್ರ ಮೈಮೇಲಿರುವವರೆಗೆ ಚಿಕಿತ್ಸೆ ಕೊಡದೆ ಸೈನ್ಯಕ್ಕೇ ಗತಿಯಿಲ್ಲ, ಆದ್ದರಿಂದ ಅಲ್ಲಿ ತಕರಾರು ಕಡಿಮೆ. ತೊಡಕು ಹುಟ್ಟುವುದು ಡಿಸ್ಚಾರ್ಜ್ ಬುಕ್ ಕೈಗೆ ಬಂದ ಮಾರನೆಯ ದಿನದಿಂದ.

ಕೋರ್ಟು ಏನು ಹೇಳಿದೆ ಎಂದು ಹಲವರು ಕೇಳುತ್ತಾರೆ. "ಸುಪ್ರೀಂ ಕೋರ್ಟ್ ನಮ್ಮ ಪರ ತೀರ್ಪು ಕೊಟ್ಟಿದೆಯಲ್ಲ?" ಎನ್ನುತ್ತಾರೆ. ಅರ್ಧ ನಿಜ. ಮಾಜಿ ಸೈನಿಕರ ಸಂಘಗಳ ಒಕ್ಕೂಟ ಹೂಡಿದ್ದ ಮೊಕದ್ದಮೆಯಲ್ಲಿ 2006ರ ಆಗಸ್ಟ್‌ನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಸೇವೆ ಮುಗಿದ ಮೇಲೂ ಪೂರ್ತಿ ಉಚಿತ ಚಿಕಿತ್ಸೆ ಕೊಡಬೇಕು, ವಂತಿಗೆ ಕೇಳುವುದು ತಪ್ಪು ಎಂಬುದು ಸಂಘಗಳ ವಾದವಾಗಿತ್ತು. ವೈದ್ಯಕೀಯ ನೆರವು ಮೂಲಭೂತ ಹಕ್ಕಿನ ವ್ಯಾಪ್ತಿಗೆ ಬರುತ್ತದೆ ಎಂದು ಪೀಠ ಒಪ್ಪಿತು. ಆದರೆ ವಂತಿಗೆ ಕಟ್ಟಿಸಿಕೊಂಡು ಯೋಜನೆ ನಡೆಸುವುದು ಸಂವಿಧಾನಬಾಹಿರವಲ್ಲ ಎಂದೂ ಹೇಳಿತು. 1996ರ ಜನವರಿ 1ಕ್ಕೆ ಮುಂಚೆ ನಿವೃತ್ತರಾದ ಹಿರಿಯರಿಗೆ ಮಾತ್ರ ವಂತಿಗೆಯ ಹೊರೆ ಬೀಳದಂತೆ ಮಾಡಿತು. ಇವತ್ತಿಗೂ ಅವರು ಕಟ್ಟಬೇಕಾಗಿಲ್ಲದಿರುವುದರ ಹಿಂದೆ ಈ ತೀರ್ಪಿದೆ.

ಹಾಗಾದರೆ ತೀರ್ಪಿನಿಂದ ಕೈಗೆ ಬಂದದ್ದೇನು? ಚಿಕಿತ್ಸೆಯೇ ಇಲ್ಲ ಎನ್ನುವಂತಿಲ್ಲ. ಯಾವ ರೂಪದಲ್ಲಿ, ಎಷ್ಟು ಎನ್ನುವುದು ಸರ್ಕಾರದ ಧೋರಣೆಗೆ ಬಿಟ್ಟದ್ದು. ಪಂಜಾಬ್ ಸರ್ಕಾರದ ನೌಕರರ ಪ್ರಕರಣದಲ್ಲಿ 1998ರಲ್ಲೇ ಸುಪ್ರೀಂ ಕೋರ್ಟ್, ಬೊಕ್ಕಸದ ಮಿತಿ ನೋಡಿಕೊಂಡು ಮರುಪಾವತಿಗೆ ದರ ನಿಗದಿ ಮಾಡುವುದು ತಪ್ಪಲ್ಲ ಎಂದಿತ್ತು. ಆ ಕಡೆ 2018ರಲ್ಲಿ ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ಸದಸ್ಯರಾಗಿದ್ದ ಶಿವಕಾಂತ್ ಝಾ ಅವರ ಪ್ರಕರಣದಲ್ಲಿ, ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಬಿಲ್ ತಳ್ಳಿಹಾಕುವಂತಿಲ್ಲ, ಚಿಕಿತ್ಸೆ ನಿಜವಾಗಿ ಆಗಿದೆಯೇ ಎಂದು ನೋಡಬೇಕು ಎಂದಿತು. ಈ ಎರಡನೆಯ ತೀರ್ಪನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇಂಥ ತೀರ್ಪುಗಳು ಒಬ್ಬೊಬ್ಬರ ಬಿಲ್ಲನ್ನು ಉಳಿಸುತ್ತವೆ. ಮುಂದಿನ ತಿಂಗಳು ಅದೇ ಆಸ್ಪತ್ರೆಯ ಕೌಂಟರಿನಲ್ಲಿ ಇನ್ನೊಬ್ಬರನ್ನು ವಾಪಸ್ ಕಳಿಸುವುದನ್ನು ಅವು ತಪ್ಪಿಸುವುದಿಲ್ಲ.

ವಾಪಸ್ ಯಾಕೆ ಕಳಿಸುತ್ತಾರೆ? ಇದಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಯಾಕೆಂದರೆ ಕಾಯ್ದೆ ಬೇಕು ಎನ್ನುವವರಲ್ಲಿ ಬಹಳ ಮಂದಿ ರೋಗ ಒಂದು ಕಡೆ ಇದ್ದರೆ ಔಷಧಿಯನ್ನು ಇನ್ನೊಂದು ಕಡೆ ಹಚ್ಚುತ್ತಾರೆ.

ನೀವು ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ಹೋಗುತ್ತೀರಿ, ರೆಫರಲ್ ಸಿಗುತ್ತದೆ, ಎಂಪ್ಯಾನೆಲ್ ಆದ, ಎಂದರೆ ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯಲ್ಲಿ ಕಾಸು ಕೊಡದೆ ಮಂಡಿ ಆಪರೇಷನ್ ಮಾಡಿಸಿಕೊಂಡು ಮನೆಗೆ ಬರುತ್ತೀರಿ. ನಿಮ್ಮ ಪಾಲಿಗೆ ಕಥೆ ಮುಗಿಯಿತು, ಆಸ್ಪತ್ರೆಯದು ಈಗ ಶುರು. ಅದು ಬಿಲ್ಲನ್ನು ಆನ್‌ಲೈನ್‌ನಲ್ಲಿ ಹಾಕಬೇಕು. ಬಿಲ್ ಪರಿಶೀಲಿಸುವ ಏಜೆನ್ಸಿ ಅದನ್ನು ಸಾಲು ಸಾಲಾಗಿ ನೋಡಿ, ಇಂಪ್ಲಾಂಟ್‌ನ ಸ್ಟಿಕ್ಕರ್ ಎಲ್ಲಿ, ಈ ಸ್ಕ್ಯಾನ್ ಯಾಕೆ ಎಂದು ಪ್ರಶ್ನೆ ಹಾಕುತ್ತದೆ. ಉತ್ತರ ಬಂದ ಮೇಲೆ ದರ ಕತ್ತರಿಸಿ ಪ್ರಾದೇಶಿಕ ಕೇಂದ್ರಕ್ಕೆ ಕಳಿಸುತ್ತದೆ. ಮೊತ್ತ ದೊಡ್ಡದಾದಷ್ಟೂ ಅದು ಮೇಲಿನ ಮೇಜಿಗೆ ಹೋಗುತ್ತದೆ. ಎಲ್ಲ ಸಹಿ ಬಿದ್ದ ಮೇಲೂ ಖಾತೆಯಲ್ಲಿ ಆ ವರ್ಷದ ಅನುದಾನ ಉಳಿದಿದ್ದರೆ ಮಾತ್ರ ಹಣ ಹೊರಡುತ್ತದೆ. ಉಳಿದಿಲ್ಲದಿದ್ದರೆ ಮುಂದಿನ ಏಪ್ರಿಲ್. ಹೊಸ ವರ್ಷದ ಹಣದಲ್ಲಿ ಮೊದಲು ಹಳೆ ಬಾಕಿ ತೀರುತ್ತದೆ, ವರ್ಷದ ಕೊನೆಗೆ ಮತ್ತೆ ಅಷ್ಟೇ ಬಾಕಿ. ಬಾಕಿ ಏರಿದಾಗ ಆಸ್ಪತ್ರೆಯ ಆಡಳಿತದವರು ಇಸಿಎಚ್‌ಎಸ್ ಬೆಡ್‌ಗಳನ್ನು ಸದ್ದಿಲ್ಲದೆ ಕಡಿಮೆ ಮಾಡುತ್ತಾರೆ. "ಬೆಡ್ ಖಾಲಿ ಇಲ್ಲ" ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಇದಕ್ಕೆ ದರದ ಜಗಳ ಸೇರುತ್ತದೆ. ಇಸಿಎಚ್‌ಎಸ್ ಕೊಡುವುದು ಸಿಜಿಎಚ್‌ಎಸ್ ದರ. ಆ ಪಟ್ಟಿಯಲ್ಲಿ 2014ರ ಬಳಿಕ ಅಲ್ಲಲ್ಲಿ ತೇಪೆ ಹಾಕಿದ್ದರೂ ದೊಡ್ಡ ಪರಿಷ್ಕರಣೆ ಆದದ್ದು 2025ರ ಅಕ್ಟೋಬರ್‌ನಲ್ಲಿ. ನಡುವಿನ ಹನ್ನೊಂದು ವರ್ಷ ಬೆಂಗಳೂರಿನ ಬಾಡಿಗೆ, ನರ್ಸ್‌ಗಳ ಸಂಬಳ, ಸ್ಟೆಂಟ್‌ಗಳ ಖರ್ಚು ಎಲ್ಲಿಗೆ ಹೋಯಿತು ಎಂದು ನಿಮಗೇ ಗೊತ್ತು. ಖಾಸಗಿ ಆಸ್ಪತ್ರೆಗಳ ಪರ ವಕಾಲತ್ತು ನಮ್ಮದಲ್ಲ. ಆದರೆ ಹಳೆ ದರ, ತಡವಾದ ಪಾವತಿ ಎರಡೂ ಸೇರಿದರೆ ಬಾಗಿಲು ಮುಚ್ಚುತ್ತದೆ ಎಂಬುದನ್ನು ಕಾಯ್ದೆ ಬರೆಯುವವರು ಮೊದಲು ಅರಿಯಬೇಕು. 2015ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಈ ಯೋಜನೆಯ ಬಗ್ಗೆಯೇ ಪ್ರತ್ಯೇಕ ಕಾರ್ಯಸಾಧನಾ ವರದಿ ಕೊಟ್ಟಿತು. ಔಷಧಿ ಕೊರತೆ, ಪಾವತಿಯ ವಿಳಂಬ, ಬಿಲ್ಲುಗಳಲ್ಲಿನ ಲೋಪ ಎಲ್ಲ ಅದರಲ್ಲಿವೆ. ಅಂದರೆ ದೂರು ಹೊಸದಲ್ಲ.

ಸರ್ಕಾರ ಹಣ ಕೊಡುತ್ತಲೇ ಇಲ್ಲ ಎನ್ನುವುದೂ ತಪ್ಪು. 2024–25ರ ಬಜೆಟ್‌ನಲ್ಲಿ ಇಸಿಎಚ್‌ಎಸ್‌ಗೆ ಇಟ್ಟದ್ದು 6,968 ಕೋಟಿ ರೂಪಾಯಿ, 2025–26ರಲ್ಲಿ 8,317 ಕೋಟಿ. ಒಂದೇ ವರ್ಷದಲ್ಲಿ ನೂರಕ್ಕೆ ಹತ್ತೊಂಬತ್ತು ಹೆಚ್ಚಳ. ಮೊತ್ತ ಏರುತ್ತಿದೆ. ಆದರೆ ಇಷ್ಟು ಕೊಡಲೇಬೇಕು, ಇಷ್ಟು ದಿನದೊಳಗೆ ಕೊಡಬೇಕು ಎಂದು ಹೇಳುವ ಕಾನೂನು ಇಲ್ಲ. ಏರಿದ್ದು ಒಂದು ವರ್ಷ ಇಳಿದರೆ ಕೇಳಲು ಹಿಡಿಕೆಯೂ ಇಲ್ಲ.

ಕಾಯ್ದೆ ಇರುವ ದೇಶಗಳಲ್ಲಿ ಹೇಗಿದೆ? ಅಮೆರಿಕದಲ್ಲಿ ಮಾಜಿ ಸೈನಿಕರ ಚಿಕಿತ್ಸೆ ಅಲ್ಲಿನ ಕಾನೂನು ಸಂಹಿತೆಯ 38ನೇ ಭಾಗದಲ್ಲಿದೆ. ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ. ಆದರೆ 2003ರ ಜನವರಿಯಲ್ಲಿ, ನಮ್ಮಲ್ಲಿ ಇಸಿಎಚ್‌ಎಸ್ ಬಾಗಿಲು ತೆರೆಯುವ ಎರಡೂವರೆ ತಿಂಗಳು ಮುಂಚೆ, ಅಲ್ಲಿ ಎಂಟನೇ ಆದ್ಯತಾ ಗುಂಪಿಗೆ, ಎಂದರೆ ಸೇವೆಯಿಂದ ಅಂಗವೈಕಲ್ಯ ಬಂದಿಲ್ಲದ, ಆದಾಯ ಮಿತಿಗಿಂತ ಹೆಚ್ಚಿದ್ದವರಿಗೆ ಹೊಸ ನೋಂದಣಿ ನಿಲ್ಲಿಸಿದರು. ಕಾಯ್ದೆ ಇದ್ದೂ ಹೇಗೆ ನಿಲ್ಲಿಸಿದರು? ಯಾವ ಗುಂಪಿನವರೆಗೆ ಸೇರಿಸಿಕೊಳ್ಳಬೇಕು ಎಂದು ಹಣ ನೋಡಿಕೊಂಡು ವರ್ಷವರ್ಷ ತೀರ್ಮಾನಿಸುವ ಅಧಿಕಾರವನ್ನು ಆ ಕಾಯ್ದೆಯೇ ಇಲಾಖೆಗೆ ಕೊಟ್ಟಿತ್ತು. ಹಕ್ಕು ಬರೆದವರೇ ಪಕ್ಕದಲ್ಲಿ ಕಿಟಕಿಯನ್ನೂ ಬಿಟ್ಟಿದ್ದರು.

ಅವರು ಅಲ್ಲಿಂದ ಕಲಿತರು. 2009ರಲ್ಲಿ ಇನ್ನೊಂದು ಕಾಯ್ದೆ ಮಾಡಿ, ಮಾಜಿ ಸೈನಿಕರ ಚಿಕಿತ್ಸೆಯ ಹಣವನ್ನು ಒಂದು ವರ್ಷ ಮುಂಚಿತವಾಗಿಯೇ ಮಂಜೂರು ಮಾಡುವ ಪದ್ಧತಿ ತಂದರು. ಅವರ ಸಂಸತ್ತಿನಲ್ಲಿ ಬಜೆಟ್ ಜಗಳ ನಡೆದು ಕಚೇರಿಗಳಿಗೆ ಬೀಗ ಬಿದ್ದರೂ ಆ ಆಸ್ಪತ್ರೆಗಳು ನಡೆಯುವುದು ಇದರಿಂದ. 2018ರ ಕಾಯ್ದೆಯ ಅಡಿ ಕಾಯುವ ಮಿತಿ ಬಂತು: ಸಾಮಾನ್ಯ ಚಿಕಿತ್ಸೆಗೆ 20 ದಿನ, ತಜ್ಞರ ಭೇಟಿಗೆ 28 ದಿನ; ಮೀರಿದರೆ ಖಾಸಗಿ ವೈದ್ಯರ ಬಳಿ ಹೋಗಬಹುದು, ಹಣ ಇಲಾಖೆಯದು. 2022ರ ಆಗಸ್ಟ್‌ನ ಪ್ಯಾಕ್ಟ್ ಆ್ಯಕ್ಟ್ ಇನ್ನೂ ಮುಂದೆ ಹೋಯಿತು. ಇರಾಕ್, ಅಫ್ಘಾನಿಸ್ತಾನದ ಶಿಬಿರಗಳಲ್ಲಿ ಕಸ ಸುಡುತ್ತಿದ್ದ ಗುಂಡಿಗಳ ಹೊಗೆ ಕುಡಿದವರಿಗೆ ಬಂದ ಕ್ಯಾನ್ಸರ್, ಶ್ವಾಸಕೋಶದ ಕಾಯಿಲೆ ಸೇರಿ ಇಪ್ಪತ್ತಕ್ಕೂ ಹೆಚ್ಚು ಕಾಯಿಲೆಗಳನ್ನು ಸೇವೆಯಿಂದಲೇ ಬಂದವು ಎಂದು ಭಾವಿಸಬೇಕು ಎಂದಿತು. ಹೊಗೆಗೂ ಗಡ್ಡೆಗೂ ಸಂಬಂಧವಿದೆಯೆಂದು ರೋಗಿ ಸಾಬೀತು ಮಾಡಬೇಕಾಗಿಲ್ಲ. ಆ ಮಸೂದೆಯೂ ಸೆನೆಟ್‌ನಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡಿತ್ತು. ಮಾಜಿ ಸೈನಿಕರು ಸಂಸತ್ತಿನ ಮೆಟ್ಟಿಲ ಮೇಲೆ ರಾತ್ರಿ ಕಳೆದ ಮೇಲೆ 86–11 ಮತಗಳಿಂದ ಪಾಸಾಯಿತು.

ರೋಗ ಎಲ್ಲಿಂದ ಬಂತು ಎಂಬ ಈ ಪ್ರಶ್ನೆ ನಮ್ಮಲ್ಲೂ ದೊಡ್ಡದು. ಇಲ್ಲಿ ಅದನ್ನು ನಿರ್ಧರಿಸುವುದು ಕ್ಯಾಶುವಲ್ಟಿ ಪಿಂಚಣಿಯ, ಎಂದರೆ ಸೇವೆಯಿಂದ ಬಂದ ಅಂಗವೈಕಲ್ಯ ಅಥವಾ ಸಾವಿಗೆ ಕೊಡುವ ಪಿಂಚಣಿಯ ಅರ್ಹತಾ ನಿಯಮಗಳು. 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಭರ್ತಿಯಾಗುವಾಗಿನ ದಾಖಲೆಯಲ್ಲಿ ಆ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಅದು ಸೇವೆಯಲ್ಲಿ ಬಂದದ್ದೆಂದು ಭಾವಿಸಬೇಕು, ಅಲ್ಲ ಎನ್ನುವುದಾದರೆ ಸಾಬೀತು ಮಾಡುವ ಹೊಣೆ ಇಲಾಖೆಯದು ಎಂದಿತು. ಸಾವಿರಾರು ಜನರಿಗೆ ದಾರಿ ತೋರಿಸಿದ ತೀರ್ಪು ಅದು. ಆದರೆ ಕೋರ್ಟು ಓದಿ ಅರ್ಥ ಹೇಳಿದ್ದು 1982ರ ನಿಯಮಗಳನ್ನು. ಆಮೇಲೆ 2008ರ ನಿಯಮಗಳು ಬಂದಿದ್ದವು; 2023ರ ಸೆಪ್ಟೆಂಬರ್ 21ರಿಂದ ಅವೂ ಹೋಗಿ ಹೊಸವು ಬಂದಿವೆ. ತೀರ್ಪು ಅಲ್ಲೇ ಇದೆ, ಅದು ನಿಂತಿದ್ದ ನೆಲ ಸರಿದಿದೆ. "ಹೀಗೆಂದು ಭಾವಿಸಬೇಕು" ಎಂದು ಕಾಯ್ದೆಯಲ್ಲಿ ಬರೆಯುವುದಕ್ಕೂ ನಿಯಮದಲ್ಲಿ ಬರೆಯುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಮತ್ತು ಇದು ಸಣ್ಣದಲ್ಲ.

ಇನ್ನು ಕಾಯ್ದೆಯಲ್ಲಿ ಏನಿರಬೇಕು ಎಂಬುದಕ್ಕೆ ಬರೋಣ. "ಪ್ರತಿಯೊಬ್ಬ ಮಾಜಿ ಸೈನಿಕನಿಗೂ ಗುಣಮಟ್ಟದ ಚಿಕಿತ್ಸೆಯ ಹಕ್ಕಿದೆ" ಎಂಬ ಸಾಲು ಕೇಳಲು ಚೆಂದ, ಕೌಂಟರಿನಲ್ಲಿ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಹಣ, ಗಡುವು, ಮೇಲ್ಮನವಿ, ಈ ಮೂರನ್ನು ಬರೆಯದ ಕಾಯ್ದೆಗಿಂತ ಒಳ್ಳೆಯ ಪತ್ರವೇ ವಾಸಿ.

ಹಣದ ವಿಷಯದಲ್ಲಿ ನಮ್ಮ ಸಂವಿಧಾನದಲ್ಲೇ ಒಂದು ದಾರಿ ಇದೆ, ಅದನ್ನು ಯಾರೂ ಮಾತಾಡುವುದಿಲ್ಲ. 112ನೇ ವಿಧಿಯ ಮೂರನೇ ಉಪವಿಧಿ, ಸಂಚಿತ ನಿಧಿಯ, ಎಂದರೆ ಕೇಂದ್ರದ ಬೊಕ್ಕಸದ ಮೇಲೆ ನೇರವಾಗಿ ಹೊರಿಸಿದ ವೆಚ್ಚಗಳ ಪಟ್ಟಿ. ರಾಷ್ಟ್ರಪತಿಗಳ ವೇತನ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಪಿಂಚಣಿ ಎಲ್ಲ ಅಲ್ಲಿವೆ. ಇವನ್ನು ಸಂಸತ್ತು ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಪಟ್ಟಿಯ ಕೊನೆಯಲ್ಲಿ, ಸಂಸತ್ತು ಕಾನೂನಿನ ಮೂಲಕ ಹಾಗೆಂದು ಘೋಷಿಸಿದ ಬೇರೆ ಯಾವುದೇ ವೆಚ್ಚ ಎಂದೂ ಇದೆ. ಹಾಗಾಗಿ ಪರಿಶೀಲನೆ ಮುಗಿದು ಒಪ್ಪಿಗೆ ಪಡೆದ ಇಸಿಎಚ್‌ಎಸ್ ಬಿಲ್ಲುಗಳ ಬಾಕಿಯನ್ನು ಈ ಪಟ್ಟಿಗೆ ಸೇರಿಸಲು ಸಾಧ್ಯ. ಇದರಿಂದಲೇ ಎಲ್ಲ ಸರಿಹೋಗದು. ಹೊರಿಸಿದ ವೆಚ್ಚವೂ, ಬೊಕ್ಕಸದಿಂದ ಹಣ ತೆಗೆಯಲು ಒಪ್ಪಿಗೆ ಕೊಡುವ ಧನವಿನಿಯೋಗ ಮಸೂದೆಯಲ್ಲಿ ಬರಲೇಬೇಕು, ಅಂದಾಜು ಕಡಿಮೆ ಹಾಕಿದರೆ ಮತ್ತೆ ಕೊರತೆ. ಆದರೂ ಬಾಕಿ ಎನ್ನುವುದು ದಯೆಯಿಂದ ಸಾಲದ ಸ್ಥಾನಕ್ಕೆ ಏರುತ್ತದೆ.

ಗಡುವಿಗೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2006ರ ಎಂಎಸ್‌ಎಂಇ ಕಾಯ್ದೆ ನೋಡಿ. ಪೀಣ್ಯದ ಸಣ್ಣ ವರ್ಕ್‌ಶಾಪಿನಿಂದ ಬಿಡಿಭಾಗ ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಟ್ಟು ಬೋಲ್ಟಿಗೆ ಇರುವ ಗಡುವು ಬೈಪಾಸ್ ಆಪರೇಷನ್ನಿಗೆ ಯಾಕಿರಬಾರದು? ಬಡ್ಡಿ ಬೀಳುತ್ತದೆ ಎಂದಾದರೆ ಕಡತ ತಾನಾಗಿ ಓಡುತ್ತದೆ. ಜೊತೆಗೆ ದರಪಟ್ಟಿಯನ್ನು ಇಷ್ಟು ವರ್ಷಕ್ಕೊಮ್ಮೆ ಪರಿಷ್ಕರಿಸಲೇಬೇಕು ಎಂಬ ಸಾಲೂ ಇರಬೇಕು, ಹನ್ನೊಂದು ವರ್ಷ ಕಾಯುವಂತಾಗಬಾರದು.

ಮೇಲ್ಮನವಿಯ ಸ್ಥಿತಿ ಇವತ್ತು ಹೀಗಿದೆ. ಪಾಲಿಕ್ಲಿನಿಕ್‌ನ ಉಸ್ತುವಾರಿ ಅಧಿಕಾರಿ, ಸ್ಟೇಷನ್ ಹೆಡ್‌ಕ್ವಾರ್ಟರ್ಸ್, ಪ್ರಾದೇಶಿಕ ಕೇಂದ್ರ, ದೆಹಲಿಯ ಕೇಂದ್ರ ಸಂಸ್ಥೆ, ಕೊನೆಗೆ ಸಚಿವಾಲಯದ ಮಾಜಿ ಸೈನಿಕರ ಕಲ್ಯಾಣ ಇಲಾಖೆ. ನಿರಾಕರಿಸಿದವರ ಮೇಲಿನವರೇ ಮೇಲ್ಮನವಿ ಕೇಳುತ್ತಾರೆ. ಇಎಸ್‌ಐನವರಿಗೆ ಇರುವಂಥ ಪ್ರತ್ಯೇಕ ವೇದಿಕೆ ಬೇಕು, ಅದೂ ರಾಜ್ಯದಲ್ಲೇ. ಕರ್ನಾಟಕದವರು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕಾದರೆ ಕೊಚ್ಚಿ ಪೀಠ. ಬೀದರಿನ ಹವಾಲ್ದಾರರೊಬ್ಬರು ಒಂದು ಬಿಲ್ಲಿಗಾಗಿ ಕೊಚ್ಚಿಗೆ ಹೋಗಿಬರುವುದು ಬಿಲ್ಲಿಗಿಂತ ದುಬಾರಿ ಬೀಳಬಹುದು. ಹೈಕೋರ್ಟಿಗೆ ರಿಟ್ ಹಾಕಲು ಅಡ್ಡಿಯಿಲ್ಲ; ನ್ಯಾಯಮಂಡಳಿ ಇದ್ದರೂ ಹೈಕೋರ್ಟಿನ ಅಧಿಕಾರ ಹೋಗಿಲ್ಲ ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಯಾರು ಸೇರಿದ್ದಾರೆ ಎಂಬುದು ಇನ್ನೊಂದು ಗಂಟು. 2019ರಲ್ಲಿ ಎರಡನೇ ಮಹಾಯುದ್ಧದ ಯೋಧರು, ಎಮರ್ಜೆನ್ಸಿ ಕಮಿಷನ್, ಶಾರ್ಟ್ ಸರ್ವಿಸ್ ಅಧಿಕಾರಿಗಳನ್ನು ಪತ್ರದ ಮೂಲಕ ಸೇರಿಸಿದರು. 2025ರ ಆಗಸ್ಟ್‌ನಲ್ಲಿ ತರಬೇತಿಯಲ್ಲಿ ಗಾಯಗೊಂಡು ಅಕಾಡೆಮಿಯಿಂದ ಹೊರಬಿದ್ದ ಕೆಡೆಟ್‌ಗಳ ಪ್ರಕರಣವನ್ನು ಸುಪ್ರೀಂ ಕೋರ್ಟ್ ತಾನಾಗಿ ಕೈಗೆತ್ತಿಕೊಂಡಿತು. ಅದೇ ತಿಂಗಳು ಅವರಿಗೂ ಇಸಿಎಚ್‌ಎಸ್ ಬಂತು. ಪತ್ರಕ್ಕೂ ಒಂದು ಗುಣವಿದೆ ನೋಡಿ, ಅದು ಬೇಗ ಬರುತ್ತದೆ. ಸಂಸತ್ತಿನಲ್ಲಿ ತಿದ್ದುಪಡಿಗೆ ಕಾದಿದ್ದರೆ ಆ ಹುಡುಗರು ಇನ್ನೂ ಕಾಯುತ್ತಿದ್ದರು. ಆದ್ದರಿಂದ ನಮ್ಮ ಸಲಹೆ: ಫಲಾನುಭವಿಗಳ ಪಟ್ಟಿ ಕಾಯ್ದೆಯ ಅನುಸೂಚಿಯಲ್ಲಿರಲಿ. ಹೊಸಬರನ್ನು ಸೇರಿಸಲು ಅಧಿಸೂಚನೆ ಸಾಕು, ಇರುವವರನ್ನು ತೆಗೆಯಲು ಸಂಸತ್ತೇ ಬೇಕು.

ಅಗ್ನಿವೀರರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ನಾಲ್ಕು ವರ್ಷ ಮುಗಿಸಿ ಸೇವಾನಿಧಿ ಎಂಬ ಇಡಿಗಂಟು ಪಡೆದು ಹೊರಬರುವವರಿಗೆ ಮಾಜಿ ಸೈನಿಕರ ಸ್ಥಾನವಿಲ್ಲ, ಇಸಿಎಚ್‌ಎಸ್ಸೂ ಇಲ್ಲ. ಸೇವೆಯಿಂದ ಅಂಗವೈಕಲ್ಯ ಬಂದರೆ ಅದರ ಪ್ರಮಾಣ ನೋಡಿ 15, 25 ಅಥವಾ 44 ಲಕ್ಷ ರೂಪಾಯಿಯ ಒಂದು ಬಾರಿಯ ಪರಿಹಾರ ಉಂಟು. ಇಪ್ಪತ್ತೆರಡನೇ ವಯಸ್ಸಿಗೆ ಬೆನ್ನುಹುರಿಗೆ ಪೆಟ್ಟು ಬಿದ್ದವನಿಗೆ ಮುಂದಿನ ಐವತ್ತು ವರ್ಷದ ಫಿಸಿಯೋಥೆರಪಿ, ಕ್ಯಾಥೆಟರ್, ಹಾಸಿಗೆ ಹುಣ್ಣಿನ ಆರೈಕೆ ಈ ಮೊತ್ತದಲ್ಲಿ ಎಷ್ಟು ದಿನ ನಡೆದೀತು? ಎಲ್ಲ ಅಗ್ನಿವೀರರಿಗೂ ಇಸಿಎಚ್‌ಎಸ್ ಕೊಡಬೇಕೇ ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಲಿ. ಸೇವೆಯಲ್ಲಿ ಆದ ಗಾಯಕ್ಕೆ ಜೀವನಪರ್ಯಂತ ಚಿಕಿತ್ಸೆ ಕೊಡುವುದರಲ್ಲಿ ಇರಬಾರದು.

ಇದನ್ನು ಯಾರು ತರಬೇಕು? ಸೈನ್ಯವೂ ಕೇಂದ್ರದ ಪಿಂಚಣಿಯೂ ಕೇಂದ್ರ ಪಟ್ಟಿಯ ವಿಷಯಗಳು. ವಿಧಾನಸೌಧದ ಮುಂದೆ ಇಸಿಎಚ್‌ಎಸ್ ಬಗ್ಗೆ ಧರಣಿ ಕೂತರೆ ಶಾಸಕರು ಬಂದು ಮನವಿ ಪತ್ರ ತೆಗೆದುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ, ಅಷ್ಟೇ. ಕರ್ನಾಟಕಕ್ಕೆ 28 ಲೋಕಸಭಾ ಸದಸ್ಯರು, 12 ರಾಜ್ಯಸಭಾ ಸದಸ್ಯರು ಇದ್ದಾರೆ. ಹೋಗಬೇಕಾದದ್ದು ಅವರ ಬಳಿ. ಮಂತ್ರಿಗಳಲ್ಲದ ಸಂಸದರು ಖಾಸಗಿ ಸದಸ್ಯರ ಮಸೂದೆ ತರಬಹುದು, ಒಂದು ತಿಂಗಳ ನೋಟಿಸ್ ಬೇಕು. ಆದರೆ ಸಂಚಿತ ನಿಧಿಯಿಂದ ಖರ್ಚಾಗುವ ಮಸೂದೆಯಾದ್ದರಿಂದ ಹಣಕಾಸಿನ ಟಿಪ್ಪಣಿ ಲಗತ್ತಿಸಬೇಕು, 117ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳ ಶಿಫಾರಸು ಇಲ್ಲದೆ ಅದನ್ನು ಸದನ ಅಂಗೀಕರಿಸುವಂತಿಲ್ಲ. ಈ ಶಿಫಾರಸು ಎಂದರೆ ಸರ್ಕಾರದ ಒಪ್ಪಿಗೆ ಎಂದೇ ಅರ್ಥ. ಖಾಸಗಿ ಸದಸ್ಯರ ಮಸೂದೆ ಕಾಯ್ದೆಯಾದದ್ದು ಕೊನೆಯ ಬಾರಿ 1970ರಲ್ಲಿ. ವಾಟ್ಸ್ಯಾಪ್‌ನಲ್ಲಿ "ಮಸೂದೆ ಮಂಡನೆಯಾಯಿತು, ಇನ್ನು ಚಿಂತೆಯಿಲ್ಲ" ಎಂದು ಬಂದರೆ ಪಟಾಕಿ ಹೊಡೆಯುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಫಲ ಕೊಡುವ ದಾರಿ ಬೇರೆ. ಪ್ರತಿ ವರ್ಷ ಬಜೆಟ್ ಆದ ಮೇಲೆ ರಕ್ಷಣಾ ಸ್ಥಾಯಿ ಸಮಿತಿ ಅನುದಾನದ ಬೇಡಿಕೆಗಳನ್ನು ಪರಿಶೀಲಿಸುತ್ತದೆ. ಇಸಿಎಚ್‌ಎಸ್ ಅದರಲ್ಲಿ ಬರುತ್ತದೆ, ಸಮಿತಿಯ ಶಿಫಾರಸಿಗೆ ಸರ್ಕಾರ ಏನು ಮಾಡಿದೆ ಎಂದು ಲಿಖಿತವಾಗಿ ಹೇಳಬೇಕಾಗುತ್ತದೆ. ಆ ಹೊತ್ತಿಗೆ ಸರಿಯಾಗಿ, ಅಂಕಿ ಅಂಶದೊಂದಿಗೆ ಪತ್ರ ತಲುಪಬೇಕು. ಅಂಕಿ ಎಲ್ಲಿಂದ? ಮಾಹಿತಿ ಹಕ್ಕಿನಡಿ ಕೇಳಿ. "ಬಾಕಿ ಎಷ್ಟಿದೆ" ಎಂದು ಸುಮ್ಮನೆ ಕೇಳಿದರೆ ಉತ್ತರ ಜಾರುತ್ತದೆ. ಬೆಂಗಳೂರು ಪ್ರಾದೇಶಿಕ ಕೇಂದ್ರದಲ್ಲಿ ಮಾರ್ಚ್ 31ರಂದು ಅನುಮೋದನೆಯಾಗಿಯೂ ಪಾವತಿಯಾಗದೆ ಉಳಿದ ಬಿಲ್ಲುಗಳ ಸಂಖ್ಯೆ ಎಷ್ಟು, ಮೊತ್ತ ಎಷ್ಟು, ಅವುಗಳಲ್ಲಿ 90 ದಿನ ದಾಟಿದವು ಎಷ್ಟು ಎಂದು ಬಿಡಿಸಿ ಕೇಳಿ.

ರಾಜ್ಯಕ್ಕೆ ಮಾಡಲು ಏನೂ ಇಲ್ಲವೇ? ಇದೆ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆಗಳು ರಾಜ್ಯ ಪಟ್ಟಿಯಲ್ಲಿವೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಮತ್ತು ಅದರ 2017ರ ತಿದ್ದುಪಡಿಯ ಪ್ರಕಾರ, ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡಕ್ಕೆ ಪಟ್ಟು ಹಿಡಿಯದೆ ಚಿಕಿತ್ಸೆ ಶುರು ಮಾಡಬೇಕು. ದೂರು ಕೇಳಲು ಜಿಲ್ಲಾ ಮಟ್ಟದ ಪ್ರಾಧಿಕಾರವಿದೆ. ಎಂಪ್ಯಾನೆಲ್ ಆದ ಆಸ್ಪತ್ರೆ ಇಸಿಎಚ್‌ಎಸ್ ರೋಗಿಯನ್ನು ವಾಪಸ್ ಕಳಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು ಎಂಬ ಒಂದು ಸಾಲನ್ನು ಇದಕ್ಕೆ ಸೇರಿಸುವುದು ನಮ್ಮ ವಿಧಾನಮಂಡಲದ ಕೈಯಲ್ಲೇ ಇದೆ. ಶಾಸಕರ ಬಳಿ ಹೋದರೆ ಕೇಳಬೇಕಾದದ್ದು ಇದನ್ನು. ಬಾಯಲ್ಲಿ ಹೇಳಿದ "ಬೆಡ್ ಇಲ್ಲ" ಎನ್ನುವುದು ಎಲ್ಲಿಯೂ ದಾಖಲಾಗುವುದಿಲ್ಲ. ಕಾಗದದಲ್ಲಿ ಬಂದರೆ ಅದೇ ಸಾಕ್ಷಿ.

ಕಾಯ್ದೆ ಬರುವವರೆಗೆ ಇರುವ ನಿಯಮದಲ್ಲೇ ಕೈ ಜಾರದಂತೆ ನೋಡಿಕೊಳ್ಳಬೇಕು. ಬಿಲ್ ತಿರಸ್ಕಾರವಾಗುವ ದೊಡ್ಡ ಕಾರಣ ತುರ್ತು ದಾಖಲಾತಿ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಮನೆಯವರು ಐಸಿಯು ಬಾಗಿಲಲ್ಲಿ ನಿಂತಿರುವಾಗ ಇದು ತಲೆಗೆ ಹೊಳೆಯುವುದಿಲ್ಲ, ಮೂರನೇ ದಿನ ನೆನಪಾಗುತ್ತದೆ. ಪಾಲಿಕ್ಲಿನಿಕ್‌ನ ನಂಬರ್, ಇಮೇಲ್ ಮಗಳ ಫೋನಿನಲ್ಲೂ ಇರಲಿ, ಫ್ರಿಜ್ ಬಾಗಿಲ ಮೇಲೂ ಇರಲಿ. ಫೋನ್ ಮಾಡಿದರೆ ಸಾಲದು, ಇಮೇಲ್ ಅಥವಾ ಮೆಸೇಜ್ ಕಳಿಸಿ, ಸಮಯ ಮುದ್ರೆಯಾಗುತ್ತದೆ. ಎಂಪ್ಯಾನೆಲ್ ಆದ ಆಸ್ಪತ್ರೆಯಾದರೆ ತಿಳಿಸುವ ಕೆಲಸ ಅವರದು, ಆದರೂ ತಿಳಿಸಿದ್ದೀರಾ ಎಂದು ಕೇಳಿ.

ಡಿಸ್ಚಾರ್ಜ್ ಸಮರಿಯಲ್ಲಿ "ತುರ್ತು ಸ್ಥಿತಿಯಲ್ಲಿ ದಾಖಲು" ಎಂದು ಬರೆದಿದೆಯೇ ನೋಡಿಕೊಂಡೇ ಹೊರಬನ್ನಿ. ತುರ್ತು ಪ್ರಮಾಣಪತ್ರ ಬೇರೆಯಾಗಿ ತೆಗೆದುಕೊಳ್ಳಿ. ಒಟ್ಟು ಮೊತ್ತದ ಬಿಲ್ ಸಾಲದು, ಬಿಡಿಬಿಡಿಯಾಗಿ ಬರೆದ ಬಿಲ್ ಬೇಕು. ಸ್ಟೆಂಟ್, ಲೆನ್ಸ್, ಮಂಡಿಯ ಇಂಪ್ಲಾಂಟ್ ಹಾಕಿದ್ದರೆ ಅದರ ಸ್ಟಿಕ್ಕರ್ ಮತ್ತು ಇನ್‌ವಾಯ್ಸ್ ಕೂಡ. ಪಾವತಿ ಬರುವುದು ಸಿಜಿಎಚ್‌ಎಸ್ ದರದಲ್ಲಿ, ಆದ್ದರಿಂದ ಐದು ಲಕ್ಷದ ಬಿಲ್ಲಿಗೆ ಐದು ಲಕ್ಷ ಬರುತ್ತದೆ ಎಂದುಕೊಳ್ಳಬೇಡಿ. ಪಟ್ಟಿಯಲ್ಲಿಲ್ಲದ ಆಸ್ಪತ್ರೆ ಎಂಬ ಒಂದೇ ಕಾರಣ ಬರೆದು ತಿರಸ್ಕರಿಸಿದರೆ, ಮೇಲ್ಮನವಿಯಲ್ಲಿ 2018ರ ಶಿವಕಾಂತ್ ಝಾ ತೀರ್ಪನ್ನು ಕಾಣಿಸಿ.

ಎಂಪ್ಯಾನೆಲ್ ಆದ ಆಸ್ಪತ್ರೆ ಮುಂಗಡ ಕೇಳುವಂತಿಲ್ಲ, ಒಪ್ಪಂದದಲ್ಲೇ ಅದಿದೆ. ಜೀವದ ಭಯದಲ್ಲಿ ಕೊಟ್ಟಿರಿ ಎಂದಾದರೆ ರಸೀದಿ ಬಿಡಬೇಡಿ. ವಾರ್ಡಿನ ಅರ್ಹತೆ ಹವಾಲ್ದಾರ್ ದರ್ಜೆಯವರೆಗೆ ಜನರಲ್, ನಾಯಿಬ್ ಸುಬೇದಾರರಿಂದ ಸುಬೇದಾರ್ ಮೇಜರ್‌ವರೆಗೆ ಸೆಮಿ ಪ್ರೈವೇಟ್, ಅಧಿಕಾರಿಗಳಿಗೆ ಪ್ರೈವೇಟ್. ನೀವಾಗಿ ಮೇಲಿನ ವಾರ್ಡ್ ಕೇಳಿದರೆ ಹೆಚ್ಚುವರಿ ಹಣ ನಿಮ್ಮದೇ. "ಜನರಲ್ ವಾರ್ಡ್ ಇಲ್ಲ, ಅದಕ್ಕೇ ಮೇಲಿನದು" ಎಂದು ಆಸ್ಪತ್ರೆ ತಾನಾಗಿ ಹಾಕಿದರೆ ಅದನ್ನೂ ಬರೆಸಿಕೊಳ್ಳಿ. ಪಾಲಿಕ್ಲಿನಿಕ್‌ನಲ್ಲಿ ಔಷಧಿ ಇಲ್ಲದಿದ್ದರೆ ಇಲ್ಲ ಎಂಬ ಎನ್‌ಎ ಮುದ್ರೆ ಚೀಟಿಯ ಮೇಲೆ ಬೀಳಬೇಕು. ಮುದ್ರೆಯಿಲ್ಲದ ಚೀಟಿಗೆ ಹೊರಗೆ ಕೊಂಡ ಔಷಧಿಯ ಹಣ ಬಾರದು.

ಮನೆಯವರ ಕಾರ್ಡುಗಳು ಯಾಕೆ ಬ್ಲಾಕ್ ಆಗುತ್ತವೆ ಎಂದು ಸಭೆಗೆ ಮುಂಚೆ ಇಬ್ಬರು ತಾಯಂದಿರು ಕೇಳಿದರು. ಮಗನಿಗೆ 25 ತುಂಬಿದರೆ, ಅದಕ್ಕೆ ಮೊದಲೇ ಸಂಪಾದನೆಗೆ ಇಳಿದರೆ ಅಥವಾ ಮದುವೆಯಾದರೆ ಅರ್ಹತೆ ಹೋಗುತ್ತದೆ. ಮಗಳಿಗೆ ವಯಸ್ಸಿನ ಮಿತಿಯಿಲ್ಲ, ಮದುವೆ ಅಥವಾ ಸಂಪಾದನೆ ಮಾತ್ರ ಲೆಕ್ಕ. ತಂದೆತಾಯಿಯ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆ ಮೀರಿರಬಾರದು. ಯಜಮಾನರು ತೀರಿಕೊಂಡ ಮೇಲೆ ಎಷ್ಟೋ ಮನೆಗಳಲ್ಲಿ ಹಳೆ ಕಾರ್ಡನ್ನೇ ಇಟ್ಟುಕೊಂಡಿರುತ್ತಾರೆ. ಮರಣ ಪತ್ರ ಮತ್ತು ಕುಟುಂಬ ಪಿಂಚಣಿಯ ಪಿಪಿಒ (ಪಿಂಚಣಿ ಪಾವತಿ ಆದೇಶ) ಕೊಟ್ಟು ಹೆಂಡತಿಯ ಹೆಸರಿಗೆ ಮುಖ್ಯ ಸದಸ್ಯತ್ವ ಬದಲಿಸಿಕೊಳ್ಳಬೇಕು. ಆಸ್ಪತ್ರೆ ಸೇರಿದ ದಿನ ಇದನ್ನು ಸರಿಮಾಡಲು ಹೊರಟರೆ ಆಗುವುದಿಲ್ಲ.

ಸೇವೆಯಿಂದ ಹೊರಬರುತ್ತಿರುವ ತಮ್ಮಂದಿರಿಗೆ ಒಂದು ಮಾತು. ಬಿಡುಗಡೆಗೆ ಮುಂಚೆ ವೈದ್ಯರು ತಪಾಸಣೆ ಮಾಡಿ ಬರೆಯುವ ರಿಲೀಸ್ ಮೆಡಿಕಲ್ ಬೋರ್ಡ್ ವರದಿಯ ಪೂರ್ತಿ ಪ್ರತಿ, ಸೇವೆಯಲ್ಲಿದ್ದಾಗಿನ ಆಸ್ಪತ್ರೆ ದಾಖಲೆಗಳು ಕೈಯಲ್ಲಿಲ್ಲದೆ ಗೇಟು ದಾಟಬೇಡಿ. ಅಂಗವೈಕಲ್ಯ ಸೇವೆಯಿಂದ ಬಂದದ್ದಲ್ಲ ಎಂದು ಬರೆದಿದ್ದರೆ ಮೊದಲ ಮೇಲ್ಮನವಿಗೆ ಆರು ತಿಂಗಳು, ಅದೂ ಬಿದ್ದರೆ ಎರಡನೆಯದಕ್ಕೆ ಮತ್ತೆ ಆರು ತಿಂಗಳು. ಆಮೇಲೆ ನ್ಯಾಯಮಂಡಳಿ, ಅಲ್ಲಿಗೂ ಆರು ತಿಂಗಳ ಗಡುವು. ವಕೀಲರ ಫೀಸಿಗೆ ಹೆದರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಸೈನಿಕರ ಕುಟುಂಬಗಳಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆ ಶುರು ಮಾಡಿದೆ. ಬೆಂಗಳೂರಿನವರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಭವನದ ಸೈನಿಕ ಕಲ್ಯಾಣ ಇಲಾಖೆಯಲ್ಲಿ, ಊರ ಕಡೆಯವರು ತಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು. ಹೋಗುವಾಗ ಡಿಸ್ಚಾರ್ಜ್ ಬುಕ್, ಪಿಪಿಒ, ತಿರಸ್ಕಾರದ ಪತ್ರ, ಅದು ಬಂದ ಲಕೋಟೆ ಎಲ್ಲವನ್ನೂ ಒಯ್ಯಿರಿ. ಲಕೋಟೆ ಯಾಕೆಂದರೆ, ಆರು ತಿಂಗಳನ್ನು ಯಾವತ್ತಿನಿಂದ ಎಣಿಸಬೇಕು ಎಂಬ ಜಗಳ ಬಂದಾಗ ಅದರ ಮೇಲಿನ ಅಂಚೆ ಮುದ್ರೆಯೇ ಬೇಕಾಗುತ್ತದೆ.